ಮೇಷ್ಟ್ರಿಗೆ ಪರಿಮಿತ ರಜೆ ಇದೆ, ಮಕ್ಕಳಿಗೆ ಯಾಕಿಲ್ಲ?

ವರ್ಷದ ಕೊನೆ ಹತ್ರ ಬಂದಾಗ ರಾಜ್ಯ ಸರ್ಕಾರದ ರಜೆ ಪಟ್ಟಿ ಬರುತ್ತೆ, ಬಂದ ಸ್ವಲ್ಪ ಹೊತ್ತಿಗೇ ಎಲ್ಲಾ ವಾಟ್ಸಾಪ್ ಗ್ರೂಪಲ್ಲೂ ಅದರ ಪಿಡಿಎಫ್ ಓಡಾಡೋಕೆ ಶುರು, ಯಾವ ಹಬ್ಬ ಭಾನುವಾರ ಬಿತ್ತು, ಎಲ್ಲಿ ಮೂರು ದಿನ ಒಟ್ಟಿಗೆ ಸಿಗುತ್ತೆ ಅಂತ ಲೆಕ್ಕಾಚಾರ. ಅದರ ಬೆನ್ನಿಗೇ ಜಗಳನೂ ಶುರುವಾಗುತ್ತೆ, ಅವರ ಹಬ್ಬಕ್ಕೆ ರಜೆ ಇದೆ ನಮ್ಮ ಹಬ್ಬಕ್ಕೆ ಯಾಕಿಲ್ಲ, ಇಷ್ಟೊಂದು ರಜೆ ಕೊಟ್ರೆ ಪಾಠ ಯಾವಾಗ ಮಾಡೋದು, ಈ ಜಯಂತಿ ಬೇಕಾ ಆ ಜಯಂತಿ ಬೇಡ್ವಾ. ಆದ್ರೆ ಆ ಆದೇಶದ ಕೊನೆಯಲ್ಲಿರೋ ಟಿಪ್ಪಣಿಗಳನ್ನ ಓದೋರು ಕಡಿಮೆ, ನನಗೆ ಮಾತ್ರ ಈ ಇಡೀ ಚರ್ಚೆಯ ತಿರುಳು ಅಲ್ಲೇ ಇದೆ ಅನ್ಸುತ್ತೆ.

ಅಲ್ಲಿ ಏನಿರುತ್ತೆ ಅಂದ್ರೆ, ಮುಸ್ಲಿಮರ ಹಬ್ಬ ಪಟ್ಟಿಯಲ್ಲಿ ಹಾಕಿರೋ ದಿನ ಬೀಳದಿದ್ರೆ, ಸರ್ಕಾರಿ ಸೇವೆಯಲ್ಲಿರೋ ಮುಸ್ಲಿಮರಿಗೆ ಆ ದಿನದ ಬದಲು ಹಬ್ಬ ನಿಜವಾಗಿ ಆಚರಿಸೋ ದಿನ ರಜೆ ಮಂಜೂರು ಮಾಡಬಹುದು ಅಂತ ಬರೆದಿರುತ್ತೆ. ಕೊಡಗು ಜಿಲ್ಲೆಗೆ ಮಾತ್ರ ಅನ್ವಯಿಸೋ ಹಾಗೆ ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿ ಈ ಮೂರಕ್ಕೆ ಸ್ಥಳೀಯ ರಜೆ ಅಂತ ಇರುತ್ತೆ. ಇದಲ್ಲದೆ ಪರಿಮಿತ ರಜೆ ಅಂತ ಬೇರೇನೇ ಒಂದು ಪಟ್ಟಿ, ವರಮಹಾಲಕ್ಷ್ಮಿ ವ್ರತ, ಋಗ್ ಉಪಾಕರ್ಮ, ಯಜುರ್ ಉಪಾಕರ್ಮ, ಶಬ್-ಎ-ಬರಾತ್, ಬುದ್ಧ ಪೂರ್ಣಿಮೆ, ಗುರುನಾನಕ್ ಜಯಂತಿ, ಕನ್ಯಾ ಮರಿಯಮ್ಮ ಜಯಂತಿ, ಕ್ರಿಸ್ಮಸ್ ಈವ್ ಎಲ್ಲ ಅದರಲ್ಲಿ ಬರುತ್ತೆ. ಸರ್ಕಾರಿ ನೌಕರರು ಇದರಿಂದ ವರ್ಷಕ್ಕೆ 2 ದಿನ ಆರಿಸ್ಕೊಂಡು ತಗೋಬಹುದು. ಸರ್ಕಾರಿ ಶಾಲೆ ಮೇಷ್ಟ್ರು, ಮೇಡಂ ಕೂಡ ತಗೋತಾರೆ.

ಆ ಮೇಷ್ಟ್ರ ಕ್ಲಾಸಲ್ಲಿ ಕೂತಿರೋ ಮಗುಗೆ ಇಂಥದ್ದೇನೂ ಇಲ್ಲ. ಅದೇ ಹಬ್ಬ, ಅದೇ ಊರು, ಅದೇ ಶಾಲೆ, ಮೇಷ್ಟ್ರು ಮನೇಲಿ ಪೂಜೆ ಮುಗಿಸ್ಕೊಂಡು ನಿಶ್ಚಿಂತೆಯಿಂದ ಇರ್ತಾರೆ, ಮಗು ಹೆಸರಿನ ಮುಂದೆ ಗೈರು ಅಂತ ಬೀಳುತ್ತೆ. ಅವತ್ತು ಯೂನಿಟ್ ಟೆಸ್ಟ್ ಇದ್ರೆ ಅದೂ ಹೋಯ್ತು.

ಶಾಲೆ ಮತ್ತೆ ಹಬ್ಬ ಅಂದಾಗ ನಾವು ಎರಡು ಮೂರು ವಿಷಯನ ಒಂದೇ ಗಂಟಲ್ಲಿ ಕಟ್ಟಿ ಮಾತಾಡ್ತೀವಿ. ಶಾಲೆ ಬಾಗಿಲು ಹಾಕೋದು ಒಂದು, ಶಾಲೆ ಒಳಗೇ ಹಬ್ಬ ಮಾಡೋದು ಇನ್ನೊಂದು, ಶಾಲೆ ನಡೀತಿರುವಾಗ ಒಂದು ಮನೆಯ ಮಗು ಮಾತ್ರ ಹಬ್ಬಕ್ಕೆ ಅಂತ ಬರದೇ ಇರೋದು ಬೇರೆಯೇ. ಟಿವಿ ಚರ್ಚೆಯಲ್ಲಿ, ಫೇಸ್ಬುಕ್ಕಲ್ಲಿ ಬಡಿದಾಡೋದು ಮೊದಲ ಎರಡರ ಬಗ್ಗೆ. ನನಗೆ ಹೇಳಬೇಕಿರೋದು ಮೂರನೇದರ ಬಗ್ಗೆ. ಅದನ್ನ ಸರಿ ಮಾಡಿದ್ರೆ ಉಳಿದ ಎರಡರ ಬಿಸಿನೂ ಬಹಳಷ್ಟು ಇಳಿಯುತ್ತೆ ಅಂತ ನಾನು ನಿಜವಾಗ್ಲೂ ನಂಬಿದೀನಿ.

ಮೊದಲು ಎಲ್ಲರಿಗೂ ಒಟ್ಟಿಗೆ ಸಿಗೋ ರಜೆ ವಿಷಯ. ನಮ್ಮ ಶಾಲೆಗಳ ವರ್ಷ ಮೇ ಕೊನೇಲಿ ಶುರುವಾಗಿ ಏಪ್ರಿಲ್ ಹತ್ತರ ಹೊತ್ತಿಗೆ ಮುಗಿಯುತ್ತೆ, ನಡುವೆ ಒಂದು ದೊಡ್ಡ ಬ್ರೇಕು, ಅದು ದಸರಾ ರಜೆ. 2024ರಲ್ಲಿ ಅಕ್ಟೋಬರ್ 3ರಿಂದ 20ರ ತನಕ ಇತ್ತು. ಇದು ಒಂದು ಹಬ್ಬದ ಹೆಸರಲ್ಲಿ ಇದ್ರೂ ಕೆಲಸದಲ್ಲಿ ಅರ್ಧವಾರ್ಷಿಕ ರಜೆ, ಎಲ್ಲ ಮಕ್ಕಳೂ ಅಜ್ಜಿ ಮನೆಗೆ ಹೋಗೋ ಕಾಲ, ನಾಡಹಬ್ಬ ಅನ್ನೋ ಕಾರಣಕ್ಕೆ ಯಾರೂ ಅದನ್ನ ಒಂದು ಧರ್ಮದ ರಜೆ ಅಂತ ಲೆಕ್ಕ ಹಾಕಲ್ಲ. ಅದೇ ಕ್ರಿಸ್ಮಸ್‌ಗೆ ಬಂದ್ರೆ ಎಲ್ಲರಿಗೂ ಸಿಗೋದು ಡಿಸೆಂಬರ್ 25 ಒಂದು ದಿನ. ಕ್ರಿಸ್ಮಸ್ ರಜೆ ಬೇಕು ಅನ್ನೋ ಸಂಸ್ಥೆಗಳು ಡಿಡಿಪಿಐಗೆ, ಅಂದ್ರೆ ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರಿಗೆ, ಮನವಿ ಕೊಟ್ಟು, ದಸರಾ ರಜೆಯಲ್ಲಿ ಅಷ್ಟು ದಿನ ಶಾಲೆ ನಡೆಸಿ ಸರಿದೂಗಿಸ್ಕೊಬಹುದು ಅಂತ ಇಲಾಖೆ ವೇಳಾಪಟ್ಟಿಯಲ್ಲೇ ದಾರಿ ಬಿಟ್ಟಿದೆ. ಮಂಗಳೂರು ಕಡೆ ಇದೇ ಆಗಾಗ ತಕರಾರಿಗೂ ಬರುತ್ತೆ, ಯಾಕಂದ್ರೆ ಒಂದೇ ಶಾಲೆಯಲ್ಲಿ ಕ್ರೈಸ್ತ ಮಕ್ಕಳು, ಹಿಂದೂ ಮಕ್ಕಳು, ಬ್ಯಾರಿ ಮಕ್ಕಳು ಎಲ್ಲ ಓದ್ತಾರೆ, ದಸರಾ ಕಡಿಮೆ ಮಾಡಿದ್ರೆ ಒಬ್ಬರಿಗೆ ನೋವು, ಕ್ರಿಸ್ಮಸ್ ಕಡಿಮೆ ಮಾಡಿದ್ರೆ ಇನ್ನೊಬ್ಬರಿಗೆ. ಪಕ್ಕದ ಕೇರಳದಲ್ಲಿ ವರ್ಷವನ್ನೇ ಓಣಂ, ಕ್ರಿಸ್ಮಸ್ ಸುತ್ತ ಕಟ್ಟಿದಾರೆ, ಮೊದಲ ಅವಧಿ ಪರೀಕ್ಷೆಗೆ ಜನ ಓಣಂ ಪರೀಕ್ಷೆ ಅಂತಾನೇ ಕರೀತಾರೆ, ಎರಡನೇದಕ್ಕೆ ಕ್ರಿಸ್ಮಸ್ ಪರೀಕ್ಷೆ, ಎರಡಕ್ಕೂ ಸುಮಾರು ಹತ್ತು ಹತ್ತು ದಿನ ರಜೆ. ಅಲ್ಲಿ ಅದು ಹಬ್ಬದ ರಜೆನೂ ಹೌದು, ಅವಧಿ ಮುಗಿದ ರಜೆನೂ ಹೌದು.

ಪಾಠಕ್ಕೆ ಸಮಯ ಸಾಲಲ್ಲ ಅನ್ನೋ ಆತಂಕ ಸುಳ್ಳಲ್ಲ. ಶಿಕ್ಷಣ ಹಕ್ಕು ಕಾಯ್ದೆ, ಅಂದ್ರೆ 2009ರ ಆರ್‌ಟಿಇ, 1ರಿಂದ 5ನೇ ಕ್ಲಾಸಿಗೆ ಕನಿಷ್ಠ 200 ದಿನ, 6ರಿಂದ 8ಕ್ಕೆ 220 ದಿನ ಶಾಲೆ ನಡೀಬೇಕು ಅನ್ನುತ್ತೆ. ಆದ್ರೆ ದಿನ ಹೋಗೋದು ಹಬ್ಬದಿಂದ ಮಾತ್ರ ಅಲ್ಲ. 2025ರಲ್ಲಿ ದಸರಾ ರಜೆ ಮುಗಿದು ಶಾಲೆ ಶುರುವಾಗಬೇಕಿದ್ದ ಹೊತ್ತಿಗೆ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆ ಮುಗಿದಿರಲಿಲ್ಲ, ಮೇಷ್ಟ್ರುಗಳೆಲ್ಲ ಮನೆ ಮನೆ ತಿರುಗ್ತಿದ್ರು, ಸರ್ಕಾರಿ ಮತ್ತೆ ಅನುದಾನಿತ ಶಾಲೆಗಳಿಗೆ ಅಕ್ಟೋಬರ್ 18ರ ತನಕ ರಜೆ ವಿಸ್ತರಿಸಿದ್ರು, ಅದಾದ ಮೇಲೆ ದೀಪಾವಳಿ ಬಂತು. ಆ ವರ್ಷ ಸರ್ಕಾರಿ ಶಾಲೆ ಮಗು ಒಂದೇ ಏಟಿಗೆ ಕಳ್ಕೊಂಡ ಪಾಠದ ದಿನಗಳು ಯಾವ ಧರ್ಮದ ಹಬ್ಬಕ್ಕೂ ಹೋಗಿದ್ದಲ್ಲ. ಮಳೆಗಾಲದಲ್ಲಿ ಮಲೆನಾಡು, ಕರಾವಳಿಯಲ್ಲಿ ಡಿಸಿ ಕೊಡೋ ಮಳೆ ರಜೆ ಬೇರೆ. ಹಾಗಾಗಿ ಈದ್‌ಗೆ ಒಂದು ದಿನ, ಗುಡ್ ಫ್ರೈಡೇಗೆ ಒಂದು ದಿನ ಕೊಟ್ಟಿದ್ದಕ್ಕೇ ಮಕ್ಕಳ ಓದು ಹಾಳಾಯ್ತು ಅನ್ನೋ ವಾದ ನನಗೆ ಒಪ್ಪಿಗೆ ಇಲ್ಲ.

ಜಯಂತಿಗಳದು ಇನ್ನೊಂದು ಕಥೆ. ಬಸವ ಜಯಂತಿ, ಮಹಾವೀರ ಜಯಂತಿ, ವಾಲ್ಮೀಕಿ ಜಯಂತಿ, ಕನಕ ಜಯಂತಿಗೆ ರಜೆ ಇದೆ, ಕೆಂಪೇಗೌಡ ಜಯಂತಿಗೆ ರಜೆ ಇಲ್ಲದೆ ಶಾಲೆಯಲ್ಲಿ ಆಚರಣೆ ಇದೆ. ಉತ್ತರ ಪ್ರದೇಶದಲ್ಲಿ 2017ರಲ್ಲಿ ಮಹಾಪುರುಷರ ಹುಟ್ಟಿದ ದಿನ, ತೀರಿಕೊಂಡ ದಿನಕ್ಕೆ ಇದ್ದ 15 ರಜೆಗಳನ್ನ ಒಟ್ಟಿಗೆ ತೆಗೆದುಹಾಕಿದ್ರು, ಅವತ್ತು ಶಾಲೆ ನಡೆಸಿ ಅವರ ಬಗ್ಗೆ ಮಕ್ಕಳಿಗೆ ಹೇಳಿ ಅಂತ. ಯೋಚನೆ ಕೆಟ್ಟದ್ದಲ್ಲ, ಕನಕದಾಸರ ಬಗ್ಗೆ ಅರ್ಧ ದಿನ ಪಾಠ ಕೇಳಿದ ಮಗುಗೆ ಮನೇಲಿ ಮೊಬೈಲ್ ನೋಡಿದ ಮಗುಗಿಂತ ಜಾಸ್ತಿ ಸಿಗುತ್ತೆ ಅನ್ನೋದು ನಿಜ. ಆದ್ರೆ ವೋಟಿಗೋಸ್ಕರ ಜಯಂತಿ ರಜೆ ಅಂತ ಒಂದೇ ಮಾತಲ್ಲಿ ತಳ್ಳಿಹಾಕೋರಿಗೆ ಒಂದು ವಿಷಯ ಹೇಳಬೇಕು, ತಲೆಮಾರುಗಟ್ಟಲೆ ಯಾವ ಶಾಲೆ ಗೋಡೆ ಮೇಲೂ ತಮ್ಮವರ ಫೋಟೋ ನೋಡದೆ ಬೆಳೆದ ಸಮುದಾಯಕ್ಕೆ ಆ ಒಂದು ದಿನ ಸರ್ಕಾರ ತಮ್ಮನ್ನ ಗುರುತಿಸಿದ ಗುರುತು. ಅದನ್ನ ಹಗುರವಾಗಿ ನೋಡಬಾರದು.

ಶಾಲೆ ಒಳಗೇ ಹಬ್ಬ ಮಾಡೋ ವಿಷಯಕ್ಕೆ ಬಂದ್ರೆ ಸಂವಿಧಾನ ತಕ್ಷಣ ಎದುರಿಗೆ ಬರುತ್ತೆ. 2022ರ ಆಗಸ್ಟಲ್ಲಿ ಆಗಿನ ಶಿಕ್ಷಣ ಮಂತ್ರಿ ಬಿ.ಸಿ. ನಾಗೇಶ್ ಅವರು ಶಾಲೆಗಳಲ್ಲಿ ಗಣೇಶನ್ನ ಕೂರಿಸೋದು ಸ್ವಾತಂತ್ರ್ಯ ಹೋರಾಟದ ಕಾಲದಿಂದ ಬಂದಿರೋದು, ಮಾಡೋರು ಮಾಡಬಹುದು ಅನ್ನೋ ಅರ್ಥದಲ್ಲಿ ಹೇಳಿದಾಗ ದೊಡ್ಡ ಗಲಾಟೆ ಆಯ್ತು, ಹಾಗಿದ್ರೆ ಬೇರೆ ಧರ್ಮದ ಹಬ್ಬಕ್ಕೂ ಅವಕಾಶ ಕೊಡ್ತೀರಾ ಅಂತ ಪ್ರಶ್ನೆ ಬಂತು. ಅದೇ ವರ್ಷ ಫೆಬ್ರವರಿಯಲ್ಲಿ ಹಿಜಾಬ್ ವಿಚಾರದಲ್ಲಿ ಸಮವಸ್ತ್ರದ ಆದೇಶ ಬಂದಿತ್ತು, ಮಾರ್ಚಲ್ಲಿ ಹೈಕೋರ್ಟ್ ಅದನ್ನ ಎತ್ತಿಹಿಡಿದಿತ್ತು, ಹಾಗಾಗಿ ಆ ಪ್ರಶ್ನೆ ಸುಮ್ಮನೆ ಬಂದಿದ್ದಲ್ಲ.

ಸಂವಿಧಾನದ 28ನೇ ವಿಧಿ ಏನನ್ನುತ್ತೆ ಅಂದ್ರೆ, ಪೂರ್ತಿ ಸರ್ಕಾರದ ದುಡ್ಡಲ್ಲೇ ನಡೆಯೋ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇರಬಾರದು. ಅದೇ ವಿಧಿಯ ಮೂರನೇ ಭಾಗ, ಸರ್ಕಾರದ ಮಾನ್ಯತೆ ಇರೋ ಅಥವಾ ಅನುದಾನ ಪಡೆಯೋ ಯಾವ ಶಾಲೆಯಲ್ಲೂ ಯಾರನ್ನೂ ಅವರ ಒಪ್ಪಿಗೆ ಇಲ್ಲದೆ, ಚಿಕ್ಕ ಮಕ್ಕಳಾದ್ರೆ ಪೋಷಕರ ಒಪ್ಪಿಗೆ ಇಲ್ಲದೆ, ಧಾರ್ಮಿಕ ಬೋಧನೆಗಾಗ್ಲಿ ಪೂಜೆ ಪ್ರಾರ್ಥನೆಗಾಗ್ಲಿ ಕೂರಿಸೋ ಹಾಗಿಲ್ಲ ಅನ್ನುತ್ತೆ. ಅಂದ್ರೆ ಖಾಸಗಿ ಶಾಲೆಯ ಗಣೇಶ ಪೂಜೆಗೂ, ಕಾನ್ವೆಂಟಿನ ಪ್ರೇಯರಿಗೂ ಇದೇ ಅಳತೆ. ಇನ್ನು ಧರ್ಮಗಳ ಬಗ್ಗೆ ಕಲಿಸೋದು ಬೇರೆ, ಧಾರ್ಮಿಕ ಬೋಧನೆ ಬೇರೆ ಅಂತ ಸುಪ್ರೀಂ ಕೋರ್ಟ್ 2002ರ ಅರುಣಾ ರಾಯ್ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಮೊಹರಂ ಅಂದ್ರೇನು, ಹುತ್ತರಿಯಲ್ಲಿ ಕದಿರು ಯಾಕೆ ತರ್ತಾರೆ, ಈಸ್ಟರ್ ಅಂದ್ರೇನು ಅಂತ ಕ್ಲಾಸಲ್ಲಿ ಹೇಳ್ಕೊಡೋಕೆ ಯಾವ ಕಾನೂನೂ ಅಡ್ಡ ಬರಲ್ಲ, ಅದನ್ನ ನಾವು ಮಾಡ್ತಾ ಇರೋದೇ ಕಡಿಮೆ, ಅದು ಬೇಸರದ ವಿಷಯ.

ಶಾರದಾ ಪೂಜೆ ತಗೊಳ್ಳಿ. ದಸರಾ ರಜೆಗೆ ಮುಂಚೆ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಪುಸ್ತಕ ಜೋಡಿಸಿ ಸರಸ್ವತಿ ಫೋಟೋಗೆ ಹೂವು ಹಾಕಿ ಚರ್ಪು ಹಂಚ್ತಾರೆ, ಎಲ್ಲ ಮಕ್ಕಳೂ ಖುಷಿಯಿಂದ ಇರ್ತಾರೆ, ಮುಸ್ಲಿಂ ಮಕ್ಕಳೂ ರಂಗೋಲಿ ಹಾಕ್ತಾರೆ. ಇದನ್ನ ಕೋರ್ಟು ಕಾನೂನು ಅಂತ ಎಳೆದಾಡಿ ನಿಲ್ಲಿಸಿ ಅನ್ನೋ ಮನಸ್ಸು ನನಗಿಲ್ಲ. ಆದ್ರೆ ಒಪ್ಪಿಗೆ ಅನ್ನೋ ಪದ ಕಾನೂನಲ್ಲಿ ಇದೆಯಲ್ಲ, ಅದು ಮೂರನೇ ಕ್ಲಾಸಿನ ಮಗು ವಿಷಯದಲ್ಲಿ ಹೇಗೆ ಕೆಲಸ ಮಾಡುತ್ತೆ ಅಂತ ಯೋಚಿಸಬೇಕು. ಕ್ಲಾಸಿನ 38 ಮಕ್ಕಳು ಕೈಮುಗಿದು ನಿಂತಾಗ ಎರಡು ಮಕ್ಕಳು ನಾವು ಮುಗಿಯಲ್ಲ ಅಂತ ಹೇಳೋಕೆ ಆಗಲ್ಲ, ಹೇಳಬೇಕು ಅಂತ ಬಯಸೋದೂ ಕ್ರೂರ. ಒಪ್ಪಿಗೆ ಕೇಳೋ ಕೆಲಸ ದೊಡ್ಡವರದು, ಅದೂ ಮುಂಚೆನೇ, ಮಗು ಎಲ್ಲರೆದುರು ನಿಲ್ಲೋಕೆ ಮುಂಚೆ.

1985ರಲ್ಲಿ ಕೇರಳದ ಒಂದು ಶಾಲೆಯಲ್ಲಿ ಯೆಹೋವನ ಸಾಕ್ಷಿಗಳು ಪಂಥಕ್ಕೆ ಸೇರಿದ ಮೂವರು ಅಣ್ಣ ತಂಗಿಯರು ರಾಷ್ಟ್ರಗೀತೆ ಹಾಡೋ ಹೊತ್ತಲ್ಲಿ ಗೌರವದಿಂದ ಎದ್ದು ನಿಲ್ತಿದ್ರು ಆದ್ರೆ ಹಾಡ್ತಿರಲಿಲ್ಲ, ಅದಕ್ಕೆ ಅವರನ್ನ ಶಾಲೆಯಿಂದ ಹೊರಗೆ ಹಾಕಿದ್ರು. 1986ರಲ್ಲಿ ಬಿಜೋಯ್ ಇಮ್ಯಾನುಯೆಲ್ ಪ್ರಕರಣ ಅಂತ ಹೆಸರಾದ ಆ ಕೇಸಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಪರ ನಿಂತು ಅವರನ್ನ ವಾಪಸ್ ಸೇರಿಸ್ಕೊಳ್ಳಿ ಅಂತು. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಅವರು ನಮ್ಮ ಪರಂಪರೆ ಕಲಿಸೋದು ಸಹನೆ, ನಮ್ಮ ತತ್ತ್ವಶಾಸ್ತ್ರ ಬೋಧಿಸೋದು ಸಹನೆ, ನಮ್ಮ ಸಂವಿಧಾನ ಆಚರಿಸೋದು ಸಹನೆ, ಅದನ್ನ ತೆಳು ಮಾಡೋದು ಬೇಡ ಅಂತ ತೀರ್ಪಲ್ಲಿ ಬರೆದ್ರು. ಅದು ಹಬ್ಬದ ಕೇಸ್ ಅಲ್ಲ ನಿಜ, ಆದ್ರೆ ಎಲ್ಲರೂ ಒಂದು ಮಾಡುವಾಗ ಒಂದು ಮಗು ಸುಮ್ಮನೆ ನಿಂತ್ರೆ ಅದಕ್ಕೆ ಶಿಕ್ಷೆ ಆಗಬಾರದು ಅನ್ನೋ ಮಾತು ಇಲ್ಲಿಗೂ ನೇರವಾಗಿ ಅನ್ವಯಿಸುತ್ತೆ.

ಈಗ ನಮ್ಮವರೇ ಅಲ್ಪಸಂಖ್ಯಾತರಾಗಿರೋ ಜಾಗ ನೋಡೋಣ. ನ್ಯೂಯಾರ್ಕ್, ನ್ಯೂಜೆರ್ಸಿ ಕಡೆ ನೆಲೆಸಿರೋ ಕನ್ನಡದ ಅಪ್ಪ ಅಮ್ಮಂದಿರು ಎಷ್ಟೋ ವರ್ಷ ದೀಪಾವಳಿ ದಿನ ಮಕ್ಕಳನ್ನ ಶಾಲೆಗೆ ಕಳಿಸಿ ಸಂಜೆ ದೀಪ ಹಚ್ಚಿದೋರು. ನ್ಯೂಯಾರ್ಕ್ ಸಿಟಿಯ ಸರ್ಕಾರಿ ಶಾಲೆಗಳಲ್ಲಿ ಸುಮಾರು 9 ಲಕ್ಷ ಮಕ್ಕಳು ಓದ್ತಾರೆ, ಅಲ್ಲಿ ಯಹೂದಿಗಳ ದೊಡ್ಡ ಹಬ್ಬಗಳಿಗೆ 1960ರ ದಶಕದಿಂದಲೇ ರಜೆ ಇದೆ, ಕಾರಣ ಸರಳ, ಟೀಚರ್‌ಗಳಲ್ಲೇ ಯಹೂದಿಗಳು ತುಂಬಾ ಜನ ಇದ್ರು, ಅವರು ಬರದಿದ್ರೆ ಶಾಲೆ ನಡೆಸೋಕೆ ಆಗ್ತಿರಲಿಲ್ಲ. 2015ರಲ್ಲಿ ಎರಡೂ ಈದ್ ಸೇರಿದ್ವು, ಅದೇ ವರ್ಷ ಚಾಂದ್ರಮಾನ ಹೊಸವರ್ಷಕ್ಕೂ ರಜೆ ಘೋಷಣೆ ಆಯ್ತು. ದೀಪಾವಳಿಗೆ ಕಾನೂನು ಸಹಿ ಆಗಿದ್ದು 2023ರ ನವೆಂಬರಲ್ಲಿ, ಮೊದಲ ಸಲ ಶಾಲೆ ಮುಚ್ಚಿದ್ದು 2024ರ ನವೆಂಬರ್ 1ಕ್ಕೆ. ಅಷ್ಟು ದಿನ ತಡ ಆಗೋಕೆ ಮುಖ್ಯ ಕಾರಣ 180 ದಿನದ ನಿಯಮ, ವರ್ಷಕ್ಕೆ ಅಷ್ಟು ದಿನ ಪಾಠ ಆಗಲೇಬೇಕು, ಹೊಸದೊಂದು ರಜೆ ಸೇರಿಸಬೇಕಾದ್ರೆ ಹಳೇದೊಂದನ್ನ ತೆಗೀಬೇಕು, ಯಾವುದನ್ನ ತೆಗೀತೀರ?

ಅಮೆರಿಕದ ಕೋರ್ಟುಗಳು ಹಬ್ಬದ ರಜೆನ ನೋಡೋ ರೀತಿ ನಮಗಿಂತ ಬೇರೆ. ಸರ್ಕಾರಿ ಶಾಲೆ ಒಂದು ಧರ್ಮನ ಗೌರವಿಸೋಕೆ ಅಂತ ರಜೆ ಕೊಡೋ ಹಾಗಿಲ್ಲ, ಮಕ್ಕಳು ಮತ್ತೆ ಟೀಚರ್‌ಗಳು ಅವತ್ತು ದೊಡ್ಡ ಸಂಖ್ಯೆಯಲ್ಲಿ ಬರಲ್ಲ, ಶಾಲೆ ತೆರೆದು ಪ್ರಯೋಜನ ಇಲ್ಲ ಅನ್ನೋ ಕಾರಣಕ್ಕೆ ಕೊಡಬಹುದು. ಗುಡ್ ಫ್ರೈಡೇಗೆ ರಾಜ್ಯದ ಎಲ್ಲಾ ಶಾಲೆ ಮುಚ್ಚಬೇಕು ಅಂತಿದ್ದ ಇಲಿನಾಯ್ ರಾಜ್ಯದ ಕಾನೂನು 1995ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟಲ್ಲಿ ಬಿದ್ದುಹೋಯ್ತು, ಅದೇ ತರದ ಮೇರಿಲ್ಯಾಂಡ್ ರಾಜ್ಯದ ರಜೆ 1999ರಲ್ಲಿ ಇನ್ನೊಂದು ಕೋರ್ಟಲ್ಲಿ ಉಳ್ಕೊಂಡ್ತು, ಗೈರುಹಾಜರಿ ಜಾಸ್ತಿ ಆಗುತ್ತೆ ಅನ್ನೋ ವಾದ ಅಲ್ಲಿ ನಿಂತಿತು. ಕೇಳೋಕೆ ಇದು ನ್ಯಾಯವಾಗೇ ಇದೆ. ಆದ್ರೆ ಇದರ ಬಾಧೆ ಏನು ಅಂದ್ರೆ ತಲೆ ಎಣಿಸಿ ಕೊಡೋ ರಜೆ ಇದು, ತಲೆ ಕಡಿಮೆ ಇರೋರಿಗೆ ಯಾವತ್ತೂ ಸಿಗಲ್ಲ.

ಮೇರಿಲ್ಯಾಂಡಿನ ಮಾಂಟ್ಗೊಮರಿ ಕೌಂಟಿಯಲ್ಲಿ 2014ರಲ್ಲಿ ನಡೆದಿದ್ದು ಈ ಲೆಕ್ಕ ಎಲ್ಲಿಗೆ ಹೋಗುತ್ತೆ ಅನ್ನೋದಕ್ಕೆ ಸಾಕ್ಷಿ. ಮುಸ್ಲಿಂ ಪೋಷಕರು ಕ್ಯಾಲೆಂಡರಲ್ಲಿ ಬಕ್ರೀದ್ ಹೆಸರು ಸೇರಿಸಿ ಅಂತ ಕೇಳಿದ್ರು, ಶಾಲಾ ಮಂಡಳಿ ಅದರ ಬದಲು ಎಲ್ಲಾ ಧರ್ಮದ ಹಬ್ಬಗಳ ಹೆಸರನ್ನೂ ಕ್ಯಾಲೆಂಡರಿಂದ ಅಳಿಸಿಹಾಕಿತು, ಕ್ರಿಸ್ಮಸ್, ಯಹೂದಿ ಹಬ್ಬದ ರಜೆ ಮಾತ್ರ ಹಾಗೇ ಇತ್ತು, ಹೆಸರಿರಲಿಲ್ಲ ಅಷ್ಟೇ. ಕೇಳಿದೋರಿಗೆ ಏನೂ ಸಿಗಲಿಲ್ಲ, ಉಳಿದೋರಿಗೂ ಬೇಜಾರಾಯ್ತು, ಇವರಿಂದಾನೇ ನಮ್ಮ ಹಬ್ಬದ ಹೆಸರು ಹೋಯ್ತು ಅನ್ನೋ ಸಿಟ್ಟು ಬೇರೆ ಆ ಮುಸ್ಲಿಂ ಮಕ್ಕಳ ತಲೆ ಮೇಲೆ ಬಂತು. ಫ್ಲೋರಿಡಾದ ಹಿಲ್ಸ್‌ಬರೋ ಕೌಂಟಿಯಲ್ಲಿ 2005ರಲ್ಲಿ ಇದಕ್ಕೂ ಮುಂದೆ ಹೋಗಿ ಇದ್ದ ರಜೆಗಳನ್ನೇ ತೆಗೆದು, ಜನ ಸಿಡಿದೆದ್ದಾಗ ಮತ್ತೆ ವಾಪಸ್ ಕೊಟ್ಟಿದ್ರು.

ಇದೆಲ್ಲಕ್ಕಿಂತ ನನಗೆ ಹಿಡಿಸಿದ್ದು ನ್ಯೂಜೆರ್ಸಿ ರಾಜ್ಯದ ಕಾನೂನು. ಅಲ್ಲಿ ರಾಜ್ಯ ಶಿಕ್ಷಣ ಮಂಡಳಿ ಧಾರ್ಮಿಕ ದಿನಗಳ ಉದ್ದನೆ ಪಟ್ಟಿ ಇಟ್ಟಿರುತ್ತೆ, ಹಿಂದೂ ಹಬ್ಬಗಳೂ ಅದರಲ್ಲಿವೆ, ಆ ದಿನ ಶಾಲೆ ನಡೀತಾನೇ ಇರುತ್ತೆ. ಅಪ್ಪನೋ ಅಮ್ಮನೋ ಬರೆದ ಚೀಟಿ ಕೊಟ್ರೆ ಮಗು ಬರದೇ ಇರಬಹುದು, ಅದನ್ನ ಅನುಮತಿ ಪಡೆದ ಗೈರು ಅಂತ ದಾಖಲು ಮಾಡಬೇಕು, ತಪ್ಪಿದ ಟೆಸ್ಟನ್ನ ಬೇರೆ ದಿನ ಕೊಡಬೇಕು, ಪೂರ್ಣ ಹಾಜರಾತಿ ಬಹುಮಾನವೂ ಸೇರಿ ಯಾವ ಬಹುಮಾನಕ್ಕೂ ಆ ಗೈರು ಅಡ್ಡ ಬರಬಾರದು. ಶಾಲೆ ಮುಚ್ಚೋಕೆ ಬೇಕಾದಷ್ಟು ಜನ ಇಲ್ಲದ ಸಮುದಾಯದ ಒಂದೇ ಒಂದು ಮಗುಗೂ ಇದು ಸಿಗುತ್ತೆ. ನ್ಯೂಯಾರ್ಕಲ್ಲಿ ದೀಪಾವಳಿ ರಜೆ ಬಂದ ಮೇಲೂ ಕನ್ನಡದ ಮನೆಯ ಯುಗಾದಿ, ಗೌರಿ ಗಣೇಶ ಅಲ್ಲಿ ಶಾಲೆ ದಿನಗಳೇ, ಅವುಗಳಿಗೂ ಶಾಲೆ ಮುಚ್ಚಿ ಅಂತ ಯಾರೂ ಕೇಳಲ್ಲ, ಕೇಳೋದು ಮಗುಗೆ ನಷ್ಟ ಆಗದೆ ಒಂದು ದಿನ ಮನೇಲಿ ಉಳಿಯೋ ಅವಕಾಶ.

ಕರ್ನಾಟಕಕ್ಕೆ ಇದು ಇನ್ನೂ ಜಾಸ್ತಿ ಹೊಂದುತ್ತೆ. ನಮ್ಮಲ್ಲಿ ಹಬ್ಬ ಅನ್ನೋದು ಜಿಲ್ಲೆ ಜಿಲ್ಲೆಗೆ, ಊರು ಊರಿಗೆ ಬದಲಾಗುತ್ತೆ. ಉತ್ತರ ಕರ್ನಾಟಕದಲ್ಲಿ ನಾಗರ ಪಂಚಮಿ ಎಷ್ಟು ದೊಡ್ಡ ಹಬ್ಬ ಅಂದ್ರೆ ಹೆಣ್ಣುಮಕ್ಕಳು ತವರಿಗೆ ಬರ್ತಾರೆ, ಉಂಡಿ ಕಟ್ತಾರೆ, ಮರಕ್ಕೆ ಜೋಕಾಲಿ ಬೀಳುತ್ತೆ, ಬೆಂಗಳೂರಲ್ಲಿ ಕೂತು ಮಾಡಿದ ಸಾರ್ವತ್ರಿಕ ರಜೆ ಪಟ್ಟಿಯಲ್ಲಿ ಅದಕ್ಕೆ ಜಾಗ ಇಲ್ಲ. ಹೋಳಿ ಕೂಡ ಸಾರ್ವತ್ರಿಕ ರಜೆ ಅಲ್ಲ, ಹೋಳಿ ಜೋರಾಗಿ ನಡೆಯೋ ಬಾಗಲಕೋಟೆಯ ಮಗುಗೆ ಹೋಗಿ ಇದನ್ನ ಹೇಳಿ ನೋಡಿ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ-1 ಶುರುವಾದ ಮಾರ್ಚ್ 25ನೇ ತಾರೀಕೇ ಹೋಳಿ ಇತ್ತು. ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ಅಂದ್ರೆ ಮಕ್ಕಳು ಹೂವು ತಗೊಂಡು ಚರ್ಚಿಗೆ ಹೋಗಿ, ಹೊಸ ಭತ್ತದ ತೆನೆ ಮನೆಗೆ ತಂದು ಹೊಸಕ್ಕಿ ಊಟ ಮಾಡೋ ದಿನ, ಪರಿಮಿತ ರಜೆ ಪಟ್ಟಿಯಲ್ಲಿರೋ ಕನ್ಯಾ ಮರಿಯಮ್ಮ ಜಯಂತಿ ಅದೇ. ಕ್ರೈಸ್ತ ಆಡಳಿತದ ಶಾಲೆಯಲ್ಲಿ ಓದೋ ಮಗುಗೆ ತೊಂದರೆ ಕಡಿಮೆ, ಅದೇ ಮನೆಯ ಇನ್ನೊಂದು ಮಗು ಸರ್ಕಾರಿ ಶಾಲೆಯಲ್ಲಿದ್ರೆ ಅದಕ್ಕೆ ಗೈರು. ಬೀದರಿನ ಗುರುನಾನಕ್ ಝಿರಾ ಸುತ್ತಮುತ್ತ ಇರೋ ಸಿಖ್ ಮನೆಗಳಿಗೆ ಗುರುನಾನಕ್ ಜಯಂತಿ, ಕಲಬುರಗಿಯ ಬೌದ್ಧ ಮನೆಗಳಿಗೆ ಬುದ್ಧ ಪೂರ್ಣಿಮೆ, ಇವರೆಲ್ಲ ತಲೆ ಎಣಿಕೆಯಲ್ಲಿ ಯಾವತ್ತೂ ಗೆಲ್ಲಲ್ಲ.

ಇನ್ನೂ ಒಂದು ವಿಷಯ, ಹಬ್ಬ ಯಾವ ಧರ್ಮದ್ದು ಅಂತ ಗೆರೆ ಎಳೆಯೋದೂ ನಮ್ಮಲ್ಲಿ ಅಷ್ಟು ಸುಲಭ ಇಲ್ಲ. ರಾಯಚೂರು ಜಿಲ್ಲೆಯ ಮುದಗಲ್ ಮೊಹರಂಗೆ ಹೋದೋರಿಗೆ ಗೊತ್ತು, ಅಲಾಯಿ ದೇವರಿಗೆ ಸಕ್ಕರೆ ಓದಿಸೋದು, ಹರಕೆ ಹೊತ್ತು ಹುಲಿವೇಷ ಹಾಕೋದು, ರಿವಾಯತ್ ಅನ್ನೋ ಮೊಹರಂ ಪದ ಹಾಡೋದು, ಇದರಲ್ಲಿ ಹಿಂದೂಗಳು ಎಷ್ಟು ಜನ ಇರ್ತಾರೆ ಅಂತ. ಆ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಮುಸ್ಲಿಮರ ಮನೆ ಒಂದೂ ಇಲ್ಲದಿದ್ರೂ ಮೊಹರಂ ನಡೆಯುತ್ತೆ. ಮೊಹರಂ ಕೊನೇ ದಿನಕ್ಕೆ ಒಂದು ರಜೆ ಇದೆ, ಅದಕ್ಕೆ ಮುಂಚಿನ ದಿನಗಳಲ್ಲಿ ಆ ಊರಿನ ಯಾವ ಮಗುಗೂ ಶಾಲೆ ಮೇಲೆ ಮನಸ್ಸು ಇರಲ್ಲ. ಶಿರಸಿ ಮಾರಿಕಾಂಬಾ ಜಾತ್ರೆ, ಕೊಪ್ಪಳದ ಗವಿಮಠದ ಜಾತ್ರೆ, ಬಾದಾಮಿ ಹತ್ರದ ಬನಶಂಕರಿ ಜಾತ್ರೆ ಇವೆಲ್ಲಾ ಇದೇ ತರ. ಶಾಲೆ ಹಂತದಲ್ಲೇ ಕೊಡಬಹುದಾದ ಸ್ಥಳೀಯ ರಜೆಗಳು ಇವಕ್ಕೆ ಸ್ವಲ್ಪ ಆಸರೆ ಆಗಿವೆ, ಅದು ಒಳ್ಳೇದು, ಆದ್ರೆ ಅದೂ ಊರಿನ ಬಹುಪಾಲು ಜನರ ಹಬ್ಬಕ್ಕೇ ಹೋಗುತ್ತೆ, ಹೋಗಬೇಕಾದ್ದೂ ಹಾಗೇ.

ಈಗ ಮನೆಗಳು ಇದನ್ನ ಹೇಗೆ ನಿಭಾಯಿಸ್ತಿವೆ? ರಜಾ ಅರ್ಜಿ ಬರೆಸ್ತೀವಿ. ಪಟ್ಟಿಯಲ್ಲಿಲ್ಲದ ಹಬ್ಬ ಆದ್ರೆ ಜ್ವರ ಅಂತ ಬರೆಸ್ತೀವಿ, ಯಾಕಂದ್ರೆ ಹಬ್ಬ ಅಂದ್ರೆ ಕ್ಲಾಸ್ ಟೀಚರ್ ಬೈತಾರೆ, ಜ್ವರ ಅಂದ್ರೆ ಪಾಪ ಅಂತಾರೆ. ದೇವರ ಹಬ್ಬಕ್ಕೆ ಅಂತ ಮಗುವಿಂದ ಸುಳ್ಳು ಬರೆಸೋದು, ಇದಕ್ಕಿಂತ ಕೆಟ್ಟದ್ದನ್ನ ಹಬ್ಬದ ದಿನ ಕಲಿಸೋಕೆ ಸಾಧ್ಯನಾ? ಇದರಲ್ಲಿ ಎಲ್ಲಾ ಧರ್ಮದ ಮನೆಗಳೂ ಇವೆ.

ಹಾಗಾಗಿ ಕೇಳ್ತಿರೋದು ದೊಡ್ಡದೇನಲ್ಲ. ಪರಿಮಿತ ರಜೆ ಪಟ್ಟಿ ಈಗಾಗ್ಲೇ ಇದೆ, ನೌಕರರಿಗೆ ಇರೋ 2 ದಿನದ ಆಯ್ಕೆನ ಮಕ್ಕಳಿಗೂ ಕೊಡಿ, ಬೇಕಿದ್ರೆ ಆಯಾ ಜಿಲ್ಲೆಯ ಒಂದೆರಡು ಹಬ್ಬನ ಡಿಡಿಪಿಐ ಅದಕ್ಕೆ ಸೇರಿಸಲಿ. ಪೋಷಕರು ಒಂದು ವಾರ ಮುಂಚೆ ಚೀಟಿ ಕೊಡಲಿ. ಅವತ್ತಿನ ಗೈರು ಎಸ್ಸೆಸ್ಸೆಲ್ಸಿಗೆ ಬೇಕಾದ ಶೇ 75 ಹಾಜರಾತಿ ಲೆಕ್ಕದಲ್ಲಿ ಮಗುಗೆ ವಿರುದ್ಧ ಹೋಗಬಾರದು, ತಪ್ಪಿದ ಟೆಸ್ಟ್ ಇನ್ನೊಂದು ದಿನ ಆಗಬೇಕು, ಹಾಜರಾತಿ ಬಹುಮಾನ ಕೈತಪ್ಪಬಾರದು. ಚಂದ್ರ ಕಾಣೋದರ ಮೇಲೆ ನಿಂತಿರೋ ಹಬ್ಬಗಳಿಗೆ ನೌಕರರಿಗೆ ಕೊಟ್ಟಿರೋ ಅದೇ ಟಿಪ್ಪಣಿನ ವಿದ್ಯಾರ್ಥಿಗಳಿಗೂ ಅನ್ವಯಿಸಿ. ಈದ್ ತಾರೀಕು ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದಕ್ಕೆ ಸರಿಯುತ್ತೆ, ಹಿಂದಿನ ರಾತ್ರಿ ಚಂದ್ರ ಕಂಡ ಮೇಲೆ ಗೊತ್ತಾಗೋ ಹಬ್ಬಕ್ಕೆ ವಾರದ ಮುಂಚೆ ಚೀಟಿ ಕೇಳೋದು ಆಗಲ್ಲ, ಅಲ್ಲಿ ವಿನಾಯಿತಿ ಬೇಕು.

ಇದಕ್ಕೆ ಬರೋ ಆಕ್ಷೇಪಗಳೂ ಗೊತ್ತು. ಎಲ್ಲರೂ ಇದನ್ನೇ ನೆಪ ಮಾಡ್ಕೊಂಡು ರಜೆ ಹಾಕ್ತಾರೆ ಅಂತಾರೆ, ಆದ್ರೆ 2 ದಿನಕ್ಕಿಂತ ಜಾಸ್ತಿ ಹಾಕೋಕೆ ಆಗಲ್ಲವಲ್ಲ, ಆ 2 ದಿನ ಈಗಲೂ ಜ್ವರದ ಹೆಸರಲ್ಲಿ ಹೋಗ್ತಾನೇ ಇದೆ. ಧರ್ಮದ ಹೆಸರಲ್ಲಿ ಮಕ್ಕಳನ್ನ ಬೇರೆ ಬೇರೆ ಮಾಡ್ತೀರ ಅನ್ನೋದು ಇನ್ನೊಂದು, ಅದು ಗಂಭೀರ ಮಾತೇ. ಅದಕ್ಕೇ ನಾನು ಚೀಟಿಯಲ್ಲಿ ಹಬ್ಬದ ಹೆಸರು, ತಾರೀಕು ಸಾಕು, ಯಾವ ಧರ್ಮ ಯಾವ ಜಾತಿ ಅಂತ ಕೇಳಬಾರದು ಅಂತೀನಿ. ಮೊಹರಂಗೆ ಹುಲಿವೇಷ ಹಾಕೋ ಹಿಂದೂ ಹುಡುಗನೂ ಆ ಚೀಟಿ ಕೊಡಬಹುದಾಗಿರಬೇಕು.

ಪಬ್ಲಿಕ್ ಪರೀಕ್ಷೆಗೆ ಇದು ನಡೆಯಲ್ಲ, ಲಕ್ಷಾಂತರ ಮಕ್ಕಳು ಒಂದೇ ದಿನ ಬರೆಯೋ ಪೇಪರನ್ನ ಒಬ್ಬರಿಗೋಸ್ಕರ ಮುಂದೂಡೋಕಾಗಲ್ಲ. ಅಲ್ಲಿ ವೇಳಾಪಟ್ಟಿ ಮಾಡೋರು ಎಲ್ಲ ಹಬ್ಬದ ತಾರೀಕು ಮುಂಚೆನೇ ನೋಡ್ಕೋಬೇಕು, ಮತ್ತೆ ಯಾಕೆ ಹೀಗೆ ಇಟ್ಟಿದ್ದೀವಿ ಅನ್ನೋದನ್ನ ಆವತ್ತೇ ಹೇಳಬೇಕು. 2024ರ ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಎಲ್ಲಾ ಪೇಪರ್ ಬೆಳಗ್ಗೆ, ಮಾರ್ಚ್ 1ರ ಶುಕ್ರವಾರದ್ದು ಮಾತ್ರ ಮಧ್ಯಾಹ್ನ ಇತ್ತು, ನಮಾಜಿಗೋಸ್ಕರ ಮಾಡಿದಾರೆ ಅಂತ ಎಷ್ಟು ಕೂಗಾಟ ಆಯ್ತು ಅಂದ್ರೆ ಕೊನೆಗೆ ಇಲಾಖೆ, ಅವತ್ತು ಬೆಳಗ್ಗೆ ದ್ವಿತೀಯ ಪಿಯುಸಿ ಪರೀಕ್ಷೆ ಶುರುವಾಗುತ್ತೆ, ಒಂದೇ ಕಟ್ಟಡದಲ್ಲಿ ಎರಡೂ ನಡೆಸೋಕೆ ಆಗಲ್ಲ ಅಂತ ವಿವರಣೆ ಕೊಡಬೇಕಾಯ್ತು. ಆ ಒಂದು ಸಾಲು ವೇಳಾಪಟ್ಟಿಯ ಕೆಳಗೆ ಮೊದಲೇ ಇದ್ದಿದ್ರೆ ಹತ್ತನೇ ಕ್ಲಾಸಿನ ಮುಸ್ಲಿಂ ಮಕ್ಕಳು ಪರೀಕ್ಷೆ ಹೊತ್ತಲ್ಲಿ ಟಿವಿಯಲ್ಲಿ ತಮ್ಮ ನಮಾಜಿನ ಬಗ್ಗೆ ಕೂಗಾಟ ಕೇಳಬೇಕಾಗ್ತಿರಲಿಲ್ಲ.

ಇಲಾಖೆ ಆದೇಶ ಬರೋ ತನಕ ಕಾಯಬೇಕು ಅಂತಲೂ ಇಲ್ಲ. ಸರ್ಕಾರಿ ಶಾಲೆಗಳಲ್ಲಿ ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ, ಪೋಷಕರೇ ಅದರ ಸದಸ್ಯರು. ಹಾಜರಾತಿಯ ನಿಯಮ ಅವರ ಕೈಲಿಲ್ಲ, ಆದ್ರೆ ಪರಿಮಿತ ರಜೆ ಪಟ್ಟಿಯಲ್ಲಿರೋ ದಿನ ಯೂನಿಟ್ ಟೆಸ್ಟ್ ಇಡಬೇಡಿ, ಇಟ್ರೆ ಬರದ ಮಕ್ಕಳಿಗೆ ಇನ್ನೊಂದು ದಿನ ಕೊಡಿ ಅಂತ ಮುಖ್ಯ ಶಿಕ್ಷಕರ ಹತ್ರ ಕೂತು ಮಾತಾಡಿ ನಡಾವಳಿ ಪುಸ್ತಕದಲ್ಲಿ ಬರೆಸೋದು ಅವರಿಂದ ಆಗೋ ಕೆಲಸ. ಖಾಸಗಿ ಶಾಲೆಯಾದ್ರೆ ಪೋಷಕರ ಸಭೆಯಲ್ಲಿ ಕೇಳಬಹುದು. ಜೂನ್ ತಿಂಗಳ ಮೊದಲ ಸಭೆಯಲ್ಲಿ, ಟೆಸ್ಟಿನ ತಾರೀಕು ಗಟ್ಟಿ ಆಗೋಕೆ ಮುಂಚೆ ಕೇಳಿದ್ರೆ ಒಳ್ಳೇದು, ಆಮೇಲೆ ಬದಲಾಯಿಸೋದು ಕಷ್ಟ.